ಲೂಯಿಸ್ ದ್ವೀಪ: ಅಡುಗೆಮನೆಯಲ್ಲಿ ಶುರುವಾದ ಉಜ್ಜೀವನ

ಸ್ಟಾರ್ನೋವೇ ಪೇಟೆಯಿಂದ ವಾಯವ್ಯಕ್ಕೆ ಹೊರಟ ಬಸ್ಸು ಸ್ವಲ್ಪ ಹೊತ್ತಿಗೇ ಮನೆಗಳನ್ನೆಲ್ಲ ಹಿಂದೆ ಬಿಟ್ಟು ಜೌಗು ಬಯಲಿಗೆ ಇಳಿಯುತ್ತದೆ. ಅಲ್ಲಿಂದ, ಪೇಟೆಗೆ ಹತ್ತೊಂಬತ್ತು ಕಿಲೋಮೀಟರ್ ದೂರದ ಬಾರ್ವಾಸ್ ತನಕ, ನೆರಳಿಗೆ ನಿಲ್ಲೋಣವೆಂದರೆ ಮರವಿಲ್ಲ. ಕಂದು ಹುಲ್ಲು, ಕಪ್ಪು ನೀರಿನ ಹೊಂಡ, ನಡುನಡುವೆ ಪೀಟ್ ಕಡಿದು ತೆಗೆದ ಉದ್ದನೆಯ ಕೊರಕಲುಗಳು. ಪೀಟ್ ಎಂದರೆ ಸಾವಿರಾರು ವರ್ಷ ನೀರಿನಲ್ಲಿ ನೆನೆದು ಅರೆ ಕೊಳೆತು ಗಟ್ಟಿಯಾದ ಪಾಚಿ, ಬೇರು, ಹುಲ್ಲು. ಇಟ್ಟಿಗೆ ಗಾತ್ರಕ್ಕೆ ಕಡಿದು, ಗಾಳಿಗೆ ಒಣಗಿಸಿ, ಮನೆ ಮುಂದೆ ರಾಶಿ ಹಾಕಿಕೊಳ್ಳುತ್ತಾರೆ. ಸೌದೆ ಇಲ್ಲದ ಊರಿಗೆ ಅದೇ ಸೌದೆ.

ಇದು ಸ್ಕಾಟ್ಲೆಂಡಿನ ವಾಯವ್ಯದ ಲೂಯಿಸ್. ಮುಖ್ಯಭೂಮಿಯ ಉಲ್ಲಾಪುಲ್ ಬಂದರಿನಿಂದ ಹಡಗಿನಲ್ಲಿ ಎರಡೂವರೆ ಗಂಟೆಗೂ ಹೆಚ್ಚಿನ ಪ್ರಯಾಣ. ಇಪ್ಪತ್ತು ಸಾವಿರಕ್ಕಿಂತ ಸ್ವಲ್ಪ ಕಡಿಮೆ ಜನ, ಅದರಲ್ಲಿ ದೊಡ್ಡ ಪಾಲು ಸ್ಟಾರ್ನೋವೇ ಪೇಟೆ ಮತ್ತು ಅದರ ಸುತ್ತಮುತ್ತ. ಕನ್ನಡಿಗರಿಗೆ ಈ ಪೇಟೆ ತೀರಾ ಅಪರಿಚಿತವಲ್ಲ, ಗೊತ್ತಿಲ್ಲದೆಯೇ ನಾವು ಅದಕ್ಕೆ ಋಣಿಗಳು. 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದು, ಆಮೇಲೆ ಮೈಸೂರು ಸೀಮೆಯನ್ನು ಅಳೆದು, ಊರೂರಿನ ಶಾಸನ, ಕೈಫಿಯತ್ತುಗಳನ್ನು ಸಂಗ್ರಹಿಸಿದ ಕರ್ನಲ್ ಕಾಲಿನ್ ಮೆಕೆಂಜಿ ಹುಟ್ಟಿದ್ದು ಇಲ್ಲಿಯೇ.

ಬಾರ್ವಾಸ್ ಒಂದು ಕೂಡುರಸ್ತೆಯ ಊರು. ಒಂದು ದಾರಿ ಉತ್ತರಕ್ಕೆ ನೆಸ್ ಕಡೆ, ಇನ್ನೊಂದು ನೈರುತ್ಯಕ್ಕೆ ಆರ್ನೋಲ್, ಬ್ರಾಗರ್, ಕಾರ್ಲೋವೇ ಕಡೆ. ಊರಿಗೆ ಪೇಟೆಬೀದಿ ಇಲ್ಲ, ಚೌಕವಿಲ್ಲ. ರಸ್ತೆಯುದ್ದಕ್ಕೂ ಬಿಡಿಬಿಡಿ ಮನೆ, ಮನೆಗೊಂದು ಕಿರಿದಾದ ಜಮೀನಿನ ಪಟ್ಟಿ, ಕುರಿ, ಬೇಲಿ, ಆಚೆ ಕಡಲು. ನಾಮಫಲಕಗಳಲ್ಲಿ ಇಲ್ಲಿಯವರ ಗೇಲಿಕ್ ಭಾಷೆ ಇದೆ. ಗಾಳಿಯಂತೂ ಮಾತಾಡಿದವರ ಮಾತನ್ನು ಅರ್ಧಕ್ಕೇ ಕಿತ್ತುಕೊಂಡು ಹೋಗುತ್ತದೆ. ಇಂಥ ಊರಿನ ಹೆಸರು ಅಮೆರಿಕದ ಪ್ರಾರ್ಥನಾ ಕೂಟಗಳಲ್ಲಿ, ನಮ್ಮ ಬೆಂಗಳೂರು, ಮಂಗಳೂರಿನ ಉಜ್ಜೀವನ ಸಭೆಗಳ ಪ್ರಸಂಗಗಳಲ್ಲೂ ಕೇಳಿಬರುತ್ತದೆ. 1949ರ ಡಿಸೆಂಬರಿನಿಂದ 1952ರವರೆಗೆ ಇಲ್ಲಿ ಹಬ್ಬಿದ ಪ್ರಾರ್ಥನೆ, ಪಶ್ಚಾತ್ತಾಪದ ಅಲೆಗೆ, ಲೂಯಿಸ್ ಸೇರಿರುವ ದ್ವೀಪಗಳ ಹೆಸರು ಹಿಡಿದು, ಜಗತ್ತು ಕೊಟ್ಟ ಹೆಸರು ‘ಹೆಬ್ರಿಡೀಸ್ ಉಜ್ಜೀವನ’.

ಎಲ್ಲೆಡೆ ಹೇಳುವ ಕಥೆ ಹೀಗಿದೆ. ಪೆಗ್ಗಿ ಮತ್ತು ಕ್ರಿಸ್ಟೀನ್ ಸ್ಮಿತ್ ಎಂಬ ಅಕ್ಕತಂಗಿಯರು, ಎಂಬತ್ತು ದಾಟಿದವರು. ಅಕ್ಕನಿಗೆ ಕಣ್ಣು ಕಾಣದು, ತಂಗಿಗೆ ಸಂಧಿವಾತ. ಚರ್ಚಿಗೆ ಹೋಗಲಾರದೆ ಮನೆಯಲ್ಲೇ, ಗೇಲಿಕ್‌ನಲ್ಲೇ, ರಾತ್ರಿಯಿಡೀ ಪ್ರಾರ್ಥಿಸುತ್ತಿದ್ದರು. ಚರ್ಚಿಗೆ ಯುವಕರು ಬರುವುದು ನಿಂತುಹೋಗಿದೆ ಎಂಬುದು ಅವರ ಕೊರಗು. ಅಕ್ಕನಿಗೆ ಒಂದು ದರ್ಶನವಾಯಿತು, ಚರ್ಚಿನ ತುಂಬ ಯುವಕರು. ಅವರು ಸಭಾಪಾಲಕ ಜೇಮ್ಸ್ ಮರ್ರೆ ಮೆಕೇ ಅವರನ್ನು ಕರೆಸಿ ಹೇಳಿದರು. ಇನ್ನೊಂದು ಕಡೆ ಏಳೆಂಟು ಗಂಡಸರು ಹುಲ್ಲಿನ ಕೊಟ್ಟಿಗೆಯಲ್ಲಿ ಮೊಣಕಾಲೂರಿದರು. ಕೈ ಮನಸ್ಸು ಎರಡೂ ಶುದ್ಧವಿದ್ದವರಷ್ಟೇ ದೇವರ ಬೆಟ್ಟವನ್ನು ಹತ್ತಬಲ್ಲರೆಂಬ ಅರ್ಥದ 24ನೆಯ ಕೀರ್ತನೆಯನ್ನು ಒಬ್ಬ ಓದಿ, ಮೊದಲು ನಮ್ಮ ಕೈ ನೋಡಿಕೊಳ್ಳೋಣ ಎಂದ. ಆಮೇಲೆ ಫೇತ್ ಮಿಷನ್ ಎಂಬ ಸುವಾರ್ತಾ ಸಂಸ್ಥೆಯ ಡಂಕನ್ ಕ್ಯಾಂಬೆಲ್ ಎಂಬ ಗೇಲಿಕ್ ಬಲ್ಲ ಪ್ರಸಂಗಿಗೆ ಕರೆ ಹೋಯಿತು. ಕೆಲವು ದಿನಕ್ಕೆಂದು ಬಂದವರು ವರ್ಷಗಟ್ಟಲೆ ಈ ದ್ವೀಪಗಳ ನಡುವೆ ಓಡಾಡಿದರು.

ಬಾರ್ವಾಸಿನ ಚರ್ಚು ಹೊರಗಿನಿಂದ ನೋಡಿದರೆ ಉಗ್ರಾಣದಷ್ಟೇ ಸಾದಾ. ಪ್ರೆಸ್ಬಿಟೇರಿಯನ್ ಪದ್ಧತಿಯ ಚರ್ಚುಗಳಲ್ಲಿ ಮೂರ್ತಿ, ಮೇಣದಬತ್ತಿ, ಬಣ್ಣಗಾಜಿನ ಆಡಂಬರ ಹುಡುಕಬಾರದು. ಎಲ್ಲರ ಕಣ್ಣೂ ಪ್ರಸಂಗಪೀಠದ ಮೇಲೆ ಬೀಳುವಂತೆ ಕಟ್ಟಿರುತ್ತಾರೆ. ಹೊರಗಿನಿಂದ ಬರುವವರು ಇದನ್ನೂ ಆ ಅಕ್ಕತಂಗಿಯರ ಮನೆಯನ್ನೂ ಫೋಟೋ ತೆಗೆದುಕೊಂಡು ಹೋಗುತ್ತಾರೆ. ಮನೆಯ ಅಂಗಳಕ್ಕೆ ಹೋಗಿ ಇಣುಕುವುದು ನನಗೇಕೋ ಒಗ್ಗಲಿಲ್ಲ. ಅದಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಸಂಗತಿ. ಇಲ್ಲಿಯ ಕಟ್ಟುನಿಟ್ಟಿನ ಸಭೆಗಳ ಸಂಪ್ರದಾಯದಲ್ಲಿ ಹೆಂಗಸರು ಸಭೆಯ ಮುಂದೆ ನಿಂತು ಪ್ರಾರ್ಥನೆ ನಡೆಸುವುದಿಲ್ಲ. ಹಿರಿಯರು, ಸಭಾಪಾಲಕರು, ಕೀರ್ತನೆ ಎತ್ತಿಕೊಡುವವರು, ಎಲ್ಲ ಗಂಡಸರೇ. ಅಂಥ ಕಡೆ ಸಭಾಪಾಲಕನನ್ನು ತನ್ನ ಮನೆಗೆ ಕರೆಸಿ ಹೀಗೆ ಮಾಡಿ ಎಂದು ಹೇಳಿದವಳು ಕುರುಡಿ ಮುದುಕಿ. ಆಕೆಗೆ ಆ ಅಧಿಕಾರ ಕೊಟ್ಟದ್ದು ಚರ್ಚಲ್ಲ, ಆಕೆಯ ಅಡುಗೆಮನೆ.

ಮನೆಯೇ ಇಲ್ಲಿ ಮುಖ್ಯ. ಅದನ್ನು ತಿಳಿಯಬೇಕೆಂದರೆ ಆರ್ನೋಲ್‌ಗೆ ನಡೆಯಬೇಕು. ರಸ್ತೆಯಿಂದ ಕಡಲಿನ ಕಡೆಗೆ ಇಳಿಯುವ ಈ ಹಳ್ಳಿಯಲ್ಲಿ 42ನೆಯ ನಂಬರಿನ ‘ಬ್ಲ್ಯಾಕ್‌ಹೌಸ್’ ಅನ್ನು ಸರ್ಕಾರ ಹಾಗೆಯೇ ಉಳಿಸಿದೆ. 1966ರವರೆಗೂ ಅದರಲ್ಲಿ ಜನ ವಾಸವಿದ್ದರು. ಎರಡು ಕಲ್ಲುಗೋಡೆ, ನಡುವೆ ತುಂಬಿದ ಮಣ್ಣು. ಹುಲ್ಲಿನ ಸೂರಿನ ಮೇಲೆ ಬಲೆ ಹಾಸಿ, ಗಾಳಿಗೆ ಹಾರದಂತೆ ಹಗ್ಗದ ತುದಿಗೆ ಕಲ್ಲು ಕಟ್ಟಿ ಇಳಿಬಿಟ್ಟಿದ್ದಾರೆ. ತಲೆ ತಗ್ಗಿಸಿ ಒಳಹೊಕ್ಕರೆ ಮೊದಲು ಏನೂ ಕಾಣದು, ಮೂಗಿಗೆ ಮಾತ್ರ ಪೀಟಿನ ಹೊಗೆ. ಕಣ್ಣು ಹೊಂದಿಕೊಂಡಂತೆ ನಡುಮನೆಯ ನೆಲದಲ್ಲೇ ಬೆಂಕಿ, ಅದರ ಮೇಲೆ ಸರಪಳಿಗೆ ನೇತುಬಿಟ್ಟ ಕೆಟಲು. ಹೊಗೆಗೂಡು ಇಲ್ಲ, ಹೊಗೆ ಹುಲ್ಲಿನ ಸೂರಿನಲ್ಲೇ ಸೋಸಿ ಹೊರಗೆ ಹೋಗಬೇಕು. ಒಂದು ಕಡೆ ಗೋಡೆಗೆ ಒರಗಿಸಿದ ಉದ್ದನೆಯ ಬೆಂಚು, ಇನ್ನೊಂದು ಕಡೆ ಪೆಟ್ಟಿಗೆಯಂಥ ಮಂಚಗಳು, ಅದೇ ಸೂರಿನಡಿ ಆಚೆ ತುದಿಗೆ ದನದ ಕೊಟ್ಟಿಗೆ. ಬೆಂಕಿಯ ಸುತ್ತ ಒತ್ತಿಕೊಂಡು ಕೂತರೆ ಇಪ್ಪತ್ತು ಮೂವತ್ತು ಜನ ಹಿಡಿಸಬಹುದು. ಬೆಳಿಗ್ಗೆ ಸಂಜೆ ಮನೆಯ ಯಜಮಾನ ಬೈಬಲ್ ಬಿಚ್ಚಿ ಅಧ್ಯಾಯ ಓದಿ, ಕೀರ್ತನೆ ಹಾಡಿಸಿ, ಎಲ್ಲರೂ ಮೊಣಕಾಲೂರುವ ಕುಟುಂಬ ಆರಾಧನೆ ನಡೆಯುತ್ತಿದ್ದದ್ದು ಇಂಥ ಬೆಂಕಿಯ ಮುಂದೆ. ಸಾವಿನ ಮನೆಯಲ್ಲೂ ಊರವರು ರಾತ್ರಿ ಸೇರುತ್ತಿದ್ದದ್ದು ಆರಾಧನೆಗೇ. 1949ರಲ್ಲಿ ಚರ್ಚಿನ ಪ್ರಸಂಗ ಮುಗಿದ ಮೇಲೆ ಜನ ಮಲಗಲು ಹೋಗದೆ ಯಾರದೋ ಮನೆಗೆ ಹೋಗಿ ನಡುರಾತ್ರಿ ದಾಟುವವರೆಗೆ ಕೂಡುತ್ತಿದ್ದರೆಂದರೆ, ಅದು ಹೊಸ ಪದ್ಧತಿಯಾಗಿರಲಿಲ್ಲ.

ಈ ಆರ್ನೋಲ್‌ನಲ್ಲೇ ಕ್ಯಾಂಬೆಲ್‌ಗೆ ಎದುರಾಳಿಗಳು ಹೆಚ್ಚಿದ್ದರು. ಒಂದು ರಾತ್ರಿ ಮನೆಯೊಂದರಲ್ಲಿ ಊರಿನ ಕಮ್ಮಾರ ಎದ್ದು ಪ್ರಾರ್ಥಿಸಿದಾಗ ಕಲ್ಲಿನ ಮನೆಯೇ ಅಲುಗಾಡಿತು, ಕಪಾಟಿನ ಪಾತ್ರೆ ಸದ್ದು ಮಾಡಿತು, ಹೊರಗೆ ಬಂದು ನೋಡಿದರೆ ಹಳ್ಳಿಯೇ ಎಚ್ಚರವಾಗಿತ್ತು ಎಂದು ಕ್ಯಾಂಬೆಲ್ ಮುಂದೆ ಸಭೆಸಭೆಗಳಲ್ಲಿ ಹೇಳಿದರು. ಟೇಪಿನಲ್ಲಿ ದಾಖಲಾಗಿ ಲೋಕ ಸುತ್ತಿದ ಕಥೆ ಇದೇ. ನಾನು ಇದನ್ನು ಅವರ ಮಾತಾಗಿಯೇ ಇಲ್ಲಿ ಇಡುತ್ತೇನೆ. ಅವರು ಕಥೆಗೆ ಬಣ್ಣ ಹಚ್ಚುತ್ತಿದ್ದರೆಂದು ದ್ವೀಪದಲ್ಲಿಯೇ ಹೇಳುವವರಿದ್ದಾರೆ. ಅವರೆಲ್ಲ ನಾಸ್ತಿಕರೇನಲ್ಲ, ದಿನಕ್ಕೆರಡು ಬಾರಿ ಬೈಬಲ್ ಓದುವವರು. ಸ್ಕಾಟ್ಲೆಂಡಿನ ಚರ್ಚಿನಿಂದ ಹಿಂದೆ ಒಡೆದುಬಂದ ಫ್ರೀ ಚರ್ಚಿನ, ಸ್ಟಾರ್ನೋವೇಯ ಕೆನೆತ್ ಮೆಕ್‌ರೇ ಆ ಕಾಲದಲ್ಲೇ ಕ್ಯಾಂಬೆಲ್ ಬೋಧನೆಯನ್ನು ಒಪ್ಪಿರಲಿಲ್ಲ. ತಕರಾರು ಭಾವಾವೇಶದ ಬಗ್ಗೆ ಮಾತ್ರ ಇರಲಿಲ್ಲ. ರಕ್ಷಣೆ ಪೂರ್ತಿ ದೇವರ ಆಯ್ಕೆ ಎನ್ನುವ ಕ್ಯಾಲ್ವಿನ್ ಪಂಥದ ನೆಲದಲ್ಲಿ, ನಂಬಿದವನಿಗೆ ಪವಿತ್ರಾತ್ಮನ ಇನ್ನೊಂದು ಅನುಭವ ಬೇಕೆನ್ನುವ ಕ್ಯಾಂಬೆಲ್ ಮಾತು ಹೊಂದುತ್ತಿರಲಿಲ್ಲ. ಕಾಲಿನ್ ಮತ್ತು ಮೇರಿ ಪೆಕಮ್ ದಂಪತಿ ಆ ದಿನಗಳನ್ನು ಕಂಡವರ ಸಾಕ್ಷಿಗಳನ್ನು ಸೇರಿಸಿ 2004ರಲ್ಲಿ ‘ಸೌಂಡ್ಸ್ ಫ್ರಮ್ ಹೆವನ್’ ತಂದರು. ಮೇರಿ ಸ್ವತಃ ಆ ದಿನಗಳಲ್ಲಿ ದೇವರ ಕಡೆ ತಿರುಗಿದ ಹುಡುಗಿ. ಅದರಲ್ಲಿ ಅಲುಗಾಡುವ ಮನೆಗಿಂತ ಹೆಚ್ಚಾಗಿ ಕಾಣುವುದು ಅಳು, ಎಚ್ಚರದ ರಾತ್ರಿ, ತುಂಬಿದ ಬಸ್ಸು.

ಉಜ್ಜೀವನವನ್ನು ತಾನು ತರಲಿಲ್ಲ, ತಾನು ಕಾಲಿಡುವ ಮೊದಲೇ ಅದು ಇತ್ತು ಎಂದು ಕ್ಯಾಂಬೆಲ್ ಕೂಡ ಹೇಳುತ್ತಿದ್ದರು. ಈ ಮಾತನ್ನು ಮಾತ್ರ ಲೋಕ ಅಷ್ಟಾಗಿ ಕಿವಿಗೆ ಹಾಕಿಕೊಂಡಂತಿಲ್ಲ. ಬ್ರಾಗರ್ ದಾಟಿ ಕಾರ್ಲೋವೇಗೆ ಹೋದರೆ ಅಲ್ಲಿ 1934ರಲ್ಲೇ ಶುರುವಾದ ಇನ್ನೊಂದು ಅಲೆಯ ನೆನಪಿದೆ. ಹೊರಗಿನ ಹೆಸರಾಂತ ಪ್ರಸಂಗಿ ಯಾರೂ ಇಲ್ಲದೆ, ಮನೆಮನೆಯ ಕೂಟಗಳಲ್ಲಿ, ಸಾಮಾನ್ಯರ ಪ್ರಾರ್ಥನೆಯಲ್ಲಿ ಹಬ್ಬಿ, ಎರಡನೆಯ ಮಹಾಯುದ್ಧ ಹುಡುಗರನ್ನೆಲ್ಲ ನೌಕಾಪಡೆಗೆ ಎಳೆದುಕೊಳ್ಳುವವರೆಗೆ ನಡೆಯಿತು. ಹೊರಗಿನವರಿಗೆ ಅದರ ಹೆಸರೂ ಗೊತ್ತಿಲ್ಲ. ಅದನ್ನು ಹೊರಗೆ ಹೋಗಿ ಇಂಗ್ಲಿಷಿನಲ್ಲಿ ಹೇಳುವ ಒಬ್ಬ ಕ್ಯಾಂಬೆಲ್ ಕಾರ್ಲೋವೇಗೆ ಸಿಗಲಿಲ್ಲ, ಅಷ್ಟೇ.

ಇನ್ನೂ ಹಿಂದಕ್ಕೆ ಹೋದರೆ ಬೇರು ಸಿಗುತ್ತದೆ. ಪೂರ್ತಿ ಬೈಬಲ್ ಗೇಲಿಕ್‌ನಲ್ಲಿ ಸಿಕ್ಕಿದ್ದು 1801ರಲ್ಲಿ. 1811ರಲ್ಲಿ ಹುಟ್ಟಿದ ಗೇಲಿಕ್ ಶಾಲೆಗಳ ಸಂಘ ಊರಿಂದೂರಿಗೆ ಮೇಷ್ಟ್ರುಗಳನ್ನು ಕಳಿಸಿ, ಮಕ್ಕಳಿಗೂ ಮುದುಕರಿಗೂ ಅವರದೇ ಭಾಷೆಯಲ್ಲಿ ಓದು ಕಲಿಸಿತು. ಓದಲು ಇದ್ದದ್ದು ಒಂದೇ ಪುಸ್ತಕ. 1820ರ ದಶಕಕ್ಕೆ ದ್ವೀಪದ ಮೊದಲ ದೊಡ್ಡ ಉಜ್ಜೀವನ. 1824ರಲ್ಲಿ ದ್ವೀಪದ ಊಯಿಗ್ ಸೀಮೆಗೆ ಸಭಾಪಾಲಕನಾಗಿ ಬಂದ ಅಲೆಕ್ಸಾಂಡರ್ ಮೆಕ್ಲಾಯ್ಡ್ ಅದರ ದೊಡ್ಡ ಹೆಸರು. 1843ರಲ್ಲಿ ಸ್ಕಾಟ್ಲೆಂಡಿನ ಚರ್ಚು ಒಡೆದಾಗ ಲೂಯಿಸ್ ಬಹುತೇಕ ಇಡಿಯಾಗಿ ಫ್ರೀ ಚರ್ಚಿನ ಕಡೆ ಹೋಯಿತು. ಸಭಾಪಾಲಕನನ್ನು ಜಮೀನ್ದಾರ ನೇಮಿಸುವ ಹಕ್ಕೇ ಆ ಜಗಳದ ಮೂಲ. ಮಾರನೆಯ ವರ್ಷ ಇಡೀ ದ್ವೀಪವನ್ನು ಕೊಂಡವನು ಜೇಮ್ಸ್ ಮ್ಯಾಥೆಸನ್, ಹಿಂದೂಸ್ತಾನದ ಅಫೀಮನ್ನು ಚೀನಾಕ್ಕೆ ಮಾರಿ ದುಡ್ಡು ಮಾಡಿದವನು. ಸ್ಟಾರ್ನೋವೇ ಬಂದರಿನ ಎದುರಿಗೆ ಅವನ ಕೋಟೆ ಇನ್ನೂ ನಿಂತಿದೆ. ಜಮೀನು ತಮ್ಮದಲ್ಲ, ಕಡಲು ಯಾರದೂ ಅಲ್ಲ. ಜನಕ್ಕೆ ತಮ್ಮದೆಂದು ಇದ್ದದ್ದು ಆ ಪುಸ್ತಕ ಮತ್ತು ಅದನ್ನು ಓದುವ ಭಾಷೆ.

ಕಡಲಿನ ಮಾತು ಬಂದರೆ ಇಲ್ಲಿ ಯಾರೂ ‘ಅಯೊಲೇರ್’ ಹಡಗನ್ನು ಮರೆತಿಲ್ಲ. ಮೊದಲ ಮಹಾಯುದ್ಧ ಮುಗಿಸಿ ಊರಿಗೆ ಬರುತ್ತಿದ್ದ ನಾವಿಕರ ಹಡಗು 1919ರ ಜನವರಿ 1ರ ನಸುಕಿನಲ್ಲಿ ಸ್ಟಾರ್ನೋವೇ ಬಂದರಿನ ಬಾಯಲ್ಲೇ ಬಂಡೆಗೆ ಬಡಿದು, 201 ಜನ ಸತ್ತರು. ಇದನ್ನು ಉಜ್ಜೀವನಕ್ಕೆ ಕಾರಣವೆಂದು ಹೇಳುವುದು ಸುಲಭದ ಸಮಾಜಶಾಸ್ತ್ರವಾದೀತು. ಸಾವಿನ ಮನೆಯಲ್ಲಿ ಸೇರಿ ಪ್ರಾರ್ಥಿಸುವ ಊರಿಗೆ ಆ ವರ್ಷ ಅಂಥ ಎಷ್ಟು ಮನೆಗಳಿದ್ದವು ಎಂದಷ್ಟೇ ಯೋಚಿಸುತ್ತೇನೆ.

ಭಾನುವಾರದ ಗೇಲಿಕ್ ಆರಾಧನೆಗೆ ಹೋದೆ. ವಾದ್ಯವಿಲ್ಲ, ಹಾಡಿನ ಪುಸ್ತಕ ಕೀರ್ತನೆಗಳದ್ದು ಮಾತ್ರ. ಮುಂದೆ ಕೂತ ಒಬ್ಬರು ಸಾಲನ್ನು ಎತ್ತಿ ಬೇಗಬೇಗ ಹೇಳಿ ಬಿಡುತ್ತಾರೆ. ಸಭೆ ಅದನ್ನು ಹಿಡಿದು ನಿಧಾನಕ್ಕೆ ಎಳೆಯುತ್ತದೆ. ಸೋಬಾನೆಯಲ್ಲಿ ಮುಂದಿನವಳು ಹೇಳಿದ್ದನ್ನು ಹಿಂದಿನವರು ಎತ್ತಿಕೊಳ್ಳುವ ಹಾಗೆ ಅಂದುಕೊಂಡೆ. ಆದರೆ ಇಲ್ಲಿ ಎಲ್ಲರೂ ಒಟ್ಟಿಗೆ ಹೋಗುವುದಿಲ್ಲ. ಒಬ್ಬೊಬ್ಬರೂ ತಮ್ಮ ತಮ್ಮ ಗಮಕ ಹಾಕಿ, ಒಬ್ಬರು ಮುಂದಾಗಿ ಇನ್ನೊಬ್ಬರು ತಡವಾಗಿ, ಸ್ವರದ ಸುತ್ತ ಸುಳಿದು ಮತ್ತೆ ಒಂದೆಡೆ ಬಂದು ನಿಲ್ಲುತ್ತಾರೆ. ಅಷ್ಟರಲ್ಲಿ ಹಿಂದಿನ ಸಾಲು ಮುಗಿಯುವ ಮುನ್ನವೇ ಮುಂದಿನ ಸಾಲು ಬಿದ್ದಿರುತ್ತದೆ. ಪಕ್ಕದ ಮುದುಕರು ಪುಸ್ತಕ ತೆರೆದಿದ್ದರೂ ಕಣ್ಣು ಮುಚ್ಚಿದ್ದರು. ಅವರ ದನಿ ಒಳ್ಳೆಯದೇನಲ್ಲ, ಸ್ವಲ್ಪ ಒಡೆದದ್ದು. ಆ ಒಟ್ಟು ಅಲೆಯೊಳಗೆ ಅದಕ್ಕೂ ಜಾಗವಿತ್ತು. 2003ರಲ್ಲಿ ಬ್ಯಾಕ್ ಊರಿನ ಫ್ರೀ ಚರ್ಚಿನಲ್ಲಿ ಇಂಥ ಹಾಡಿಕೆಯನ್ನು ಧ್ವನಿಮುದ್ರಿಸಿ ‘ಸಾಲ್ಮ್’ ಹೆಸರಿನಲ್ಲಿ ಹೊರತಂದಿದ್ದಾರೆ; ಹೋಗಲಾಗದವರು ಅದನ್ನು ಕೇಳಬಹುದು.

ವರ್ಷಕ್ಕೆರಡು ಬಾರಿ, ಊರಿಗೊಂದರಂತೆ ಸರದಿಯಲ್ಲಿ, ಪ್ರಭುಭೋಜನದ ವಾರ ಬರುತ್ತದೆ. ಗುರುವಾರದ ಉಪವಾಸದಿಂದ ಸೋಮವಾರದ ಕೃತಜ್ಞತಾ ಆರಾಧನೆಯವರೆಗೆ ಐದು ದಿನ. ಶುಕ್ರವಾರ ವಿಶೇಷ: ಒಬ್ಬ ಹಿರಿಯ ಎದ್ದು ಒಂದು ವಚನ ಕೊಟ್ಟು, ನಿಜವಾದ ವಿಶ್ವಾಸಿಯ ಗುರುತೇನು ಎಂದು ಕೇಳುತ್ತಾನೆ, ಮೀನುಗಾರ, ನೇಕಾರ, ಕುರಿ ಸಾಕುವವ ಒಬ್ಬೊಬ್ಬರೇ ಎದ್ದು ತಮ್ಮ ಬಾಳಿನಿಂದಲೇ ಉತ್ತರಿಸುತ್ತಾರೆ. ಅಷ್ಟು ಜನ ಸೇರಿದರೂ ಭಾನುವಾರ ರೊಟ್ಟಿ ದ್ರಾಕ್ಷಾರಸ ತೆಗೆದುಕೊಳ್ಳುವವರು ಸ್ವಲ್ಪವೇ. ತಾನು ಯೋಗ್ಯನೇ ಎಂಬ ಅಳುಕು ಜೀವನವಿಡೀ ಕಾಡಿದವರಿದ್ದಾರೆ. ಹಿಂದೆ ಇದಕ್ಕೆ ಊರೂರಿನಿಂದ ನಡೆದು ಬಂದವರಿಗೆ ಮನೆಗಳು ತೆರೆದಿರುತ್ತಿದ್ದವು, ಕೊಟ್ಟಿಗೆಯಲ್ಲೂ ಹಾಸಿಗೆ ಬೀಳುತ್ತಿತ್ತು. ಈಗ ಕಾರಿನಲ್ಲಿ ಬಂದು ಕಾರಿನಲ್ಲಿ ಹೋಗುತ್ತಾರೆ, ಊಟದ ಮೇಜು ಮಾತ್ರ ಇನ್ನೂ ಉದ್ದವಾಗಿದೆ.

ಸಬ್ಬತ್ತಿನ, ಅಂದರೆ ಭಾನುವಾರ ಕೆಲಸ ಬಿಡುವ ನೇಮದ, ಬಿಗಿ ಸಡಿಲವಾಗುತ್ತಿದೆ. ನಾನಿದ್ದ ಮನೆಯಾಕೆ ಶನಿವಾರ ಸಂಜೆಯೇ ತಂತಿಯ ಮೇಲಿನ ಬಟ್ಟೆ ತೆಗೆದು, ಭಾನುವಾರದ ಸಾರಿಗೆ ತರಕಾರಿ ಹೆಚ್ಚಿಟ್ಟರು. ಆದರೆ 2002ರಲ್ಲಿ ಭಾನುವಾರದ ವಿಮಾನ ಬಂತು, 2009ರಲ್ಲಿ ಹಡಗು, 2024ರ ನವೆಂಬರಿನಲ್ಲಿ ಸ್ಟಾರ್ನೋವೇಯ ಟೆಸ್ಕೋ ಅಂಗಡಿಯೂ ತೆರೆಯಿತು. ಪ್ರತಿ ಸಲವೂ ವಿರೋಧದ ಪ್ರಾರ್ಥನೆ, ಸಹಿ ಸಂಗ್ರಹ ನಡೆದಿವೆ.

ಅಂಗಡಿಗಿಂತ ಹಿರಿಯರನ್ನು ಕಾಡುವುದು ಭಾಷೆ. 2022ರ ಜನಗಣತಿಯಲ್ಲಿ ಈ ಪಶ್ಚಿಮ ದ್ವೀಪಗಳಲ್ಲಿ ಗೇಲಿಕ್ ಮಾತಾಡುವವರು ಮೊದಲ ಬಾರಿಗೆ ಅರ್ಧಕ್ಕಿಂತ ಕೆಳಗೆ, ಶೇಕಡ 45ರ ಸುಮಾರಿಗೆ ಇಳಿದರು. ಇಂಗ್ಲಿಷ್ ಆರಾಧನೆಗೆ ಯುವಕರು ಬರುತ್ತಾರೆ, ಫ್ರೀ ಚರ್ಚು 2010ರಲ್ಲಿ ಕೀರ್ತನೆಯಲ್ಲದ ಹಾಡುಗಳಿಗೂ ವಾದ್ಯಕ್ಕೂ ಒಪ್ಪಿಗೆ ಕೊಟ್ಟಿದೆ. ಸಾಲು ಎತ್ತಿಕೊಡಬಲ್ಲ ಗಂಡಸರು ಕಡಿಮೆಯಾಗುತ್ತಿದ್ದಾರೆ. ಎತ್ತಿಕೊಟ್ಟರೂ ಅಲೆಯಾಗಿ ಏಳಲು ಹತ್ತು ಹದಿನೈದು ಕೊರಳು ಸಾಲವು. ಕ್ಯಾಂಬೆಲ್ ಕಥೆ ಕೇಳಿ ಬಂದ ಹೊರನಾಡಿನವರು ಮುಂದಿನ ಉಜ್ಜೀವನ ಯಾವಾಗ ಎಂದು ಇಲ್ಲಿಯವರನ್ನು ಕೇಳುತ್ತಾರಂತೆ. ಬಾರ್ವಾಸಿನಲ್ಲಿ ಚಹ ಕೊಟ್ಟ ಹಿರಿಯರು ಆ ಪ್ರಶ್ನೆಗೆ ಉತ್ತರಿಸುವ ಗೋಜಿಗೆ ಹೋಗಲಿಲ್ಲ. ಬುಧವಾರದ ಪ್ರಾರ್ಥನಾ ಕೂಟ ಏಳೂವರೆಗೆ, ನಿಮ್ಮ ಕೊನೆಯ ಬಸ್ಸು ಅದಕ್ಕೆ ಮೊದಲೇ ಹೋಗಿಬಿಡುತ್ತದೆ, ಉಳಿಯುವುದಾದರೆ ನಮ್ಮ ಮನೆಯಲ್ಲಿ ಹಾಸಿಗೆ ಇದೆ ಎಂದರು.