ಅರಿವಳಿಕೆಯ ಯಂತ್ರ ಕೆಟ್ಟಾಗ ರೋಗಿಯ ಹಕ್ಕು

ಪ್ರಜ್ಞೆಯನ್ನೂ ಉಸಿರನ್ನೂ ಪರರ ವಶಕ್ಕೊಪ್ಪಿಸಿ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಮಲಗಿದ ರೋಗಿಗೆ, ಆಮ್ಲಜನಕದ ಕೊಳವೆ ಬಿರುಕುಬಿಟ್ಟದ್ದರಿಂದಲೋ, ಅರಿವಳಿಕೆಯ ಆವಿಯನ್ನು ಅಳೆದುಕೊಡಬೇಕಾದ ವೇಪರೈಸರ್ ಪ್ರಮಾಣ ತಪ್ಪಿದ್ದರಿಂದಲೋ, ಎಚ್ಚರಿಸಬೇಕಾದ ಅಲಾರಂ ಮೌನವಾಗಿದ್ದುದರಿಂದಲೋ ಹಾನಿ ಸಂಭವಿಸಿದರೆ, ಅದನ್ನು ವಿಧಿಲಿಖಿತವೆಂದು ಸಹಿಸಿಕೊಳ್ಳಬೇಕಾದುದಿಲ್ಲ.

ಹಣ ತೆತ್ತು ಪಡೆದ ವೈದ್ಯಸೇವೆಯು ಗ್ರಾಹಕ ಕಾನೂನಿನ ವ್ಯಾಪ್ತಿಗೊಳಪಟ್ಟದ್ದೆಂದು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿಯೇ ವಿ. ಪಿ. ಶಾಂತಾ ಪ್ರಕರಣದಲ್ಲಿ ತೀರ್ಪಿತ್ತಿದೆ. ಎಲ್ಲರಿಗೂ ಉಚಿತವಾಗಿ ಚಿಕಿತ್ಸೆ ನೀಡುವ ಆಸ್ಪತ್ರೆ ಮಾತ್ರ ಇದಕ್ಕೆ ಹೊರತು. ಅಲ್ಲಿ ಹಾನಿಯಾದವರಿಗೆ ಸಿವಿಲ್ ನ್ಯಾಯಾಲಯವುಂಟು. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮವಾದರೋ, ಉಪಕರಣದ ವಿನ್ಯಾಸದಲ್ಲಾಗಲಿ ತಯಾರಿಕೆಯಲ್ಲಾಗಲಿ ದೋಷವಿದ್ದರೆ ತಯಾರಕನನ್ನೂ ಹೊಣೆಗಾರನನ್ನಾಗಿಸುತ್ತದೆ. ನಿರ್ವಹಣೆಯನ್ನು ಅಲಕ್ಷಿಸಿದ ಆಸ್ಪತ್ರೆಯ ಹೊಣೆ ಪ್ರತ್ಯೇಕವಾದುದು. ಆದಕಾರಣ ಇಬ್ಬರನ್ನೂ ಪ್ರತಿವಾದಿಗಳನ್ನಾಗಿಸುವುದೇ ವಿವೇಕ.

ಆದರೆ ನ್ಯಾಯದ ಜೀವಾಳವೆಲ್ಲ ಸಾಕ್ಷ್ಯದಲ್ಲಿದೆ. ಯಂತ್ರವು ದುರಸ್ತಿಗೆ ಹೋದೊಡನೆ ಅದರ ದೋಷವೂ ಅಳಿಸಿಹೋಗಬಹುದಾದುದರಿಂದ, ಅದನ್ನು ಇದ್ದಂತೆಯೇ ಕಾಯ್ದಿರಿಸಬೇಕೆಂದು ತಡಮಾಡದೆ ಲಿಖಿತವಾಗಿ ಕೇಳಿರಿ. ಯಂತ್ರದ ಕ್ರಮಸಂಖ್ಯೆಯನ್ನೂ, ಸರ್ವೀಸ್ ದಾಖಲೆಯನ್ನೂ, ಅರಿವಳಿಕೆಯ ಚಾರ್ಟನ್ನೂ ಬೇಡಿರಿ. ಚಿಕಿತ್ಸೆಯ ದಾಖಲೆಗಳನ್ನು ಕೇಳಿದ 72 ಗಂಟೆಗಳೊಳಗೆ ಒದಗಿಸುವುದು ವೈದ್ಯರ ವೃತ್ತಿನಿಯಮವೇ ಆಗಿದೆ.

ಕ್ರಿಮಿನಲ್ ಮೊಕದ್ದಮೆಗೆ ಘೋರ ನಿರ್ಲಕ್ಷ್ಯವನ್ನೇ ಸಾಧಿಸಬೇಕು. 2005ರ ಜೇಕಬ್ ಮ್ಯಾಥ್ಯೂ ತೀರ್ಪಿನ ನಿಲುವು ಅದು. ಭಾರತೀಯ ಫಾರ್ಮಕೋಪಿಯ ಆಯೋಗಕ್ಕೆ ಉಪಕರಣದ ದೋಷವನ್ನು ವರದಿಮಾಡಿದರೆ ಪರಿಹಾರ ದೊರೆಯದು, ಆದರೆ ಇನ್ನೊಂದು ಜೀವ ಉಳಿದೀತು.

ಚಿಕಿತ್ಸೆಗೆ ತೆತ್ತ ಹಣ 50 ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಿರಿ. 5 ಲಕ್ಷದವರೆಗೆ ಶುಲ್ಕವೂ ಇಲ್ಲ. ದೂರಿನ ಅವಧಿ 2 ವರ್ಷ. ದಯವಿಟ್ಟು ಅದನ್ನು ಮೀರಗೊಡಬೇಡಿರಿ.