ಎಣಿಕೆಯ ಕಸೂತಿ

ಎಣಿಕೆಯ ಕಸೂತಿ ಎಂದರೆ ಬಟ್ಟೆಯ ಮೇಲೆ ಚಿತ್ರವನ್ನು ಮೊದಲೇ ಬರೆದುಕೊಳ್ಳದೆ, ಹಾಸು ಮತ್ತು ಹೊಕ್ಕಿನ ಎಳೆಗಳನ್ನು ಎಣಿಸುತ್ತ ಸೂಜಿ–ದಾರದಿಂದ ವಿನ್ಯಾಸ ಮೂಡಿಸುವ ಕರಕುಶಲ ಕಲೆ. ಉತ್ತರ ಕರ್ನಾಟಕದ ಸಾಂಪ್ರದಾಯಿಕ ಕಸೂತಿಯೂ, ಶಾಲೆಗಳ ಹೊಲಿಗೆ ತರಗತಿಗಳಲ್ಲಿ ಪರಿಚಿತವಾದ ಕ್ರಾಸ್ ಸ್ಟಿಚ್ ಕೂಡ ಈ ವರ್ಗಕ್ಕೆ ಸೇರಿವೆ. ಧಾರವಾಡ, ಬೆಳಗಾವಿ, ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳು ಕಸೂತಿಯ ಮುಖ್ಯ ಪ್ರದೇಶಗಳಾಗಿವೆ. ಕರ್ನಾಟಕದ ಕಸೂತಿಗೆ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಈ ಲೇಖನವು ಮನೆಯಲ್ಲಿ ಕಸೂತಿಯ ವಿನ್ಯಾಸವನ್ನು ಸಿದ್ಧಪಡಿಸುವ, ಹೊಲಿಯುವ ಮತ್ತು ಪೂರ್ಣಗೊಳಿಸುವ ಕ್ರಮವನ್ನು ವಿವರಿಸುತ್ತದೆ.

ಹೆಸರು

'ಕಸೂತಿ' ಎಂಬ ಪದವನ್ನು 'ಕೈ' ಮತ್ತು 'ಸೂತಿ' (ನೂಲು) ಎಂಬ ಎರಡು ಪದಗಳಿಂದ ಬಂದುದೆಂದು ವಿವರಿಸುವ ವಾಡಿಕೆಯಿದೆ. ಮರಾಠಿಯಲ್ಲಿ ಸೂಜಿ ಕೆಲಸಕ್ಕೆ 'ಕಶಿದಾ' ಎನ್ನುತ್ತಾರೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡಗಳಂತಹ ಗಡಿ ತಾಲ್ಲೂಕುಗಳಲ್ಲಿ ಕನ್ನಡ ಮತ್ತು ಮರಾಠಿ ಎರಡೂ ಬಳಕೆಯಲ್ಲಿರುವುದರಿಂದ ಎರಡು ಪದಗಳೂ ಕಿವಿಗೆ ಬೀಳುತ್ತವೆ.

ಹಿನ್ನೆಲೆ

ಕಸೂತಿಯು ಮುಖ್ಯವಾಗಿ ಮನೆಯ ಹೆಣ್ಣುಮಕ್ಕಳ ಕಲೆಯಾಗಿ ಬೆಳೆದು ಬಂದಿದೆ. ಇಳಕಲ್ ಸೀರೆಯ ಸೆರಗು, ರವಿಕೆ, ಮಕ್ಕಳ ಕುಂಚಿಗೆ ಮತ್ತು ಕುಲಾಯಿಗಳ ಮೇಲೆ ಇದನ್ನು ಹಾಕುತ್ತಿದ್ದರು. ಕಪ್ಪು ಬಣ್ಣದ ಚಂದ್ರಕಾಳಿ ಸೀರೆಗೆ ಕಸೂತಿ ಹಾಕಿ ಮದುಮಗಳಿಗೆ ಕೊಡುವ ಪದ್ಧತಿಯಿತ್ತು. ಕಪ್ಪು ಅಥವಾ ಕಡುನೀಲಿ ನೆಲದ ಮೇಲೆ ಕೆಂಪು, ಕಿತ್ತಳೆ, ಹಸಿರು, ನೇರಳೆ ಮತ್ತು ಬಿಳಿ ದಾರಗಳು ಎದ್ದು ಕಾಣುತ್ತವೆ. ಗೋಪುರ, ತೇರು, ಪಲ್ಲಕ್ಕಿ, ತುಳಸಿ ವೃಂದಾವನ, ದೀಪ, ಶಂಖ, ಆನೆ, ನವಿಲು, ಹಂಸ ಮತ್ತು ಕಮಲ ಇದರ ಪ್ರಸಿದ್ಧ ವಿನ್ಯಾಸಗಳು. ಇವೆಲ್ಲ ಅಂಗಳದಲ್ಲಿ, ಗುಡಿಯಲ್ಲಿ ಮತ್ತು ಜಾತ್ರೆಯಲ್ಲಿ ಕಣ್ಣಿಗೆ ಬೀಳುವ ವಸ್ತುಗಳೇ ಆಗಿವೆ.

ಈ ವಿನ್ಯಾಸಗಳು ಬಹುಮಟ್ಟಿಗೆ ಕಾಗದದ ಮೇಲೆ ಇರಲಿಲ್ಲ. ತಾಯಿಯ ಸೆರಗನ್ನು ನೋಡಿ ಮಗಳು ಎಣಿಸಿ ಕಲಿಯುತ್ತಿದ್ದಳು. ಹೀಗಾಗಿ ಸೀರೆಯೇ ಪಠ್ಯಪುಸ್ತಕವಾಗಿತ್ತು. ಸೀರೆ ಹಳತಾದ ಮೇಲೆ ಅದನ್ನು ಕತ್ತರಿಸಿ ಕೌದಿ ಹೊಲಿಯುವುದು ಈ ಭಾಗದ ರೂಢಿ. ಮಿತವ್ಯಯದ ದೃಷ್ಟಿಯಿಂದ ಅದು ಒಳ್ಳೆಯ ಪದ್ಧತಿಯೇ. ಆದರೆ ಸೆರಗಿನ ಜೊತೆಗೆ ವಿನ್ಯಾಸದ ಏಕೈಕ ಪ್ರತಿಯೂ ತುಂಡಾಗುವ ಸಾಧ್ಯತೆ ಇರುತ್ತದೆ. ಆದ್ದರಿಂದ ವಿನ್ಯಾಸವನ್ನು ಚೌಕುಳಿ ಕಾಗದಕ್ಕೆ ಇಳಿಸಿಕೊಳ್ಳುವುದು ಮುಖ್ಯವಾಗುತ್ತದೆ.

ಹೊಲಿಗೆಗಳು

ಕಸೂತಿಯಲ್ಲಿ ನಾಲ್ಕು ಬಗೆಯ ಹೊಲಿಗೆಗಳಿವೆ.

• ಗವಂತಿ: 'ಗಂಟು' ಎಂಬ ಪದದಿಂದ ಬಂದ ಹೆಸರೆಂದು ಹೇಳಲಾಗುತ್ತದೆ. ಒಂದು ಬಿಟ್ಟು ಒಂದರಂತೆ ಹೊಲಿಯುತ್ತ ಸಾಗಿ, ಹಿಂತಿರುಗುವಾಗ ಬಿಟ್ಟ ಜಾಗಗಳನ್ನು ತುಂಬಲಾಗುತ್ತದೆ. ಬಟ್ಟೆಯ ಎರಡೂ ಬದಿಯಲ್ಲಿ ವಿನ್ಯಾಸ ಒಂದೇ ರೀತಿ ಕಾಣುತ್ತದೆ. ಯುರೋಪಿನಲ್ಲಿ ಇದೇ ಹೊಲಿಗೆಗೆ ಚಿತ್ರಕಾರ ಹಾನ್ಸ್ ಹೋಲ್ಬೈನನ ಹೆಸರಿದೆ.
• ಮುರಗಿ: ಗವಂತಿಯಂತೆಯೇ ಹೋಗಿ ಬರುವ ಹೊಲಿಗೆ, ಆದರೆ ಮೆಟ್ಟಿಲಿನಂತೆ ತಿರುವು ಪಡೆಯುತ್ತದೆ. ಇದು ಕೂಡ ಎರಡೂ ಬದಿಯಲ್ಲಿ ಸಮಾನ.
• ನೇಗಿ: ನೇಯ್ಗೆಯಂತೆ ಕಾಣುವ, ಉದ್ದ–ಗಿಡ್ಡ ಎಳೆಗಳ ನೇರ ಹೊಲಿಗೆ. ಮುಂಬದಿಯಲ್ಲಿ ದಾರ ಇರುವಲ್ಲಿ ಹಿಂಬದಿಯಲ್ಲಿ ಬಟ್ಟೆ ಕಾಣುವುದರಿಂದ ಎರಡು ಬದಿಗಳು ಒಂದೇ ಆಗಿರುವುದಿಲ್ಲ.
• ಮೆಂತಿ: ಮೆಂತ್ಯೆಯ ಕಾಳಿನಿಂದ ಹೆಸರು ಪಡೆದ ಗುಣಾಕಾರ ಚಿಹ್ನೆಯ ಹೊಲಿಗೆ. ಇಂದಿನ ಕ್ರಾಸ್ ಸ್ಟಿಚ್ ಇದೇ ಆಗಿದೆ. ಒಳಭಾಗವನ್ನು ತುಂಬಲು ಬಳಸುತ್ತಾರೆ.

ಸಾಂಪ್ರದಾಯಿಕ ಕಸೂತಿಯಲ್ಲಿ ದಾರಕ್ಕೆ ಗಂಟು ಹಾಕುವುದಿಲ್ಲ. ಗಂಟು ಇದ್ದರೆ ಹಿಂಬದಿ ಕೆಡುತ್ತದೆ, ಒಗೆಯುವಾಗ ಕಳಚಿಕೊಳ್ಳುತ್ತದೆ ಮತ್ತು ಇಸ್ತ್ರಿ ಮಾಡಿದಾಗ ಮುಂಬದಿಯಲ್ಲಿ ಉಬ್ಬು ಮೂಡುತ್ತದೆ.

ಬಟ್ಟೆ, ದಾರ ಮತ್ತು ಸೂಜಿ

ಕಲಿಯುವವರಿಗೆ ಎಳೆಗಳು ಸ್ಪಷ್ಟವಾಗಿ ಕಾಣುವ ಮ್ಯಾಟಿ ಅಥವಾ ಐಡಾ ಬಟ್ಟೆ ಅನುಕೂಲಕರ. ಐಡಾ ಬಟ್ಟೆಯನ್ನು ಇಂಚಿಗೆ ಎಷ್ಟು ಚೌಕಗಳಿವೆ ಎಂಬುದರ ಮೇಲೆ 11, 14, 16, 18 ಎಂದು ಗುರುತಿಸುತ್ತಾರೆ. ಆರಂಭಕ್ಕೆ 11 ಅಥವಾ 14 ಸಾಕು.

ಮಗ್ಗದ ಸಾಮಾನ್ಯ ಬಟ್ಟೆಯನ್ನು ಬಳಸುವುದಾದರೆ ಹಾಸಿನ ಎಳೆ ಮತ್ತು ಹೊಕ್ಕಿನ ಎಳೆಗಳನ್ನು ಬೇರೆಬೇರೆಯಾಗಿ ಎಣಿಸಬೇಕು. ಇವೆರಡೂ ಸಮವಾಗಿರದ ಬಟ್ಟೆಯಲ್ಲಿ ಚೌಕವು ಆಯತವಾಗುತ್ತದೆ. ಉದಾಹರಣೆಗೆ, ಅಡ್ಡಲಾಗಿ ಇಂಚಿಗೆ 14 ಹೊಲಿಗೆ ಮತ್ತು ಉದ್ದಕ್ಕೆ ಇಂಚಿಗೆ 12 ಹೊಲಿಗೆ ಕೂರುವ ಬಟ್ಟೆಯಲ್ಲಿ 42 × 42 ಹೊಲಿಗೆಯ ಕಮಲವು 3 ಇಂಚು ಅಗಲ ಮತ್ತು 3.5 ಇಂಚು ಎತ್ತರವಾಗಿ ಮೂಡುತ್ತದೆ. ಗೋಪುರಕ್ಕೆ ಈ ವ್ಯತ್ಯಾಸ ಒಪ್ಪಬಹುದು. ವೃತ್ತಾಕಾರದ ವಿನ್ಯಾಸಕ್ಕೆ ಒಪ್ಪುವುದಿಲ್ಲ.

ಎಳೆ ಎಣಿಸಲಾಗದಷ್ಟು ನಯವಾದ ರೇಷ್ಮೆಯ ಮೇಲೆ ತಾತ್ಕಾಲಿಕವಾಗಿ ಕ್ಯಾನ್ವಾಸ್ ಕೂಡಿಸಿ, ಅದರ ಮೇಲೆ ಹೊಲಿದು, ಕೊನೆಗೆ ಕ್ಯಾನ್ವಾಸಿನ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುತ್ತಾರೆ.

ಹತ್ತಿಯ ಕಸೂತಿ ದಾರದ ಲಡಿಯು ಸಾಮಾನ್ಯವಾಗಿ 8 ಮೀಟರ್ ಉದ್ದವಿದ್ದು ಅದರಲ್ಲಿ 6 ಎಳೆಗಳಿರುತ್ತವೆ. 14ರ ಬಟ್ಟೆಗೆ 2 ಎಳೆ, 11ರ ಬಟ್ಟೆಗೆ 3 ಎಳೆ ಬಳಸುವುದು ರೂಢಿ. ಮೊಂಡು ತುದಿಯ, ಅಗಲ ಕಣ್ಣಿನ 24ನೆಯ ಸಂಖ್ಯೆಯ ಸೂಜಿ 14ರ ಬಟ್ಟೆಗೆ ಹೊಂದುತ್ತದೆ. ಸೂಜಿಯ ಸಂಖ್ಯೆ ಹೆಚ್ಚಾದಂತೆ ಅದು ತೆಳ್ಳಗಾಗುತ್ತದೆ. ಚೂಪು ಸೂಜಿ ಎಳೆಯನ್ನೇ ಸೀಳುವುದರಿಂದ ಎಣಿಕೆಯ ಕೆಲಸಕ್ಕೆ ತಕ್ಕುದಲ್ಲ.

ವಿನ್ಯಾಸ ರಚನೆ

ವಿನ್ಯಾಸವನ್ನು ಚೌಕುಳಿ ಕಾಗದದ ಮೇಲೆ ಬರೆಯಲಾಗುತ್ತದೆ. ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಮೆಂತಿಗೆ ಚೌಕವನ್ನು ತುಂಬಬೇಕು. ಗವಂತಿ ಮತ್ತು ಮುರಗಿಗೆ ಚೌಕದ ಗೆರೆಯ ಮೇಲೆಯೇ ಗೆರೆ ಎಳೆಯಬೇಕು. ಇವನ್ನು ಬೆರೆಸಿ ಬರೆದರೆ ಹೊಲಿಯುವಾಗ ಅರ್ಧ ಚೌಕದ ತಪ್ಪು ನುಸುಳುತ್ತದೆ.

ದುಂಡು ಆಕಾರವನ್ನು ಮೆಟ್ಟಿಲುಗಳಾಗಿ ಪರಿವರ್ತಿಸಬೇಕಾಗುತ್ತದೆ. ಕಾಗವಾಡ ತಾಲ್ಲೂಕಿನ ಗಡಿಗೆ ಸಮೀಪ, ಕೃಷ್ಣಾ ನದಿಯ ದಂಡೆಯ ಖಿದ್ರಾಪುರದ ಕೋಪೇಶ್ವರ ದೇವಾಲಯದ ಸ್ವರ್ಗ ಮಂಟಪದ ಮೇಲ್ಛಾವಣಿಯಲ್ಲಿ ಆಕಾಶ ಕಾಣುವ ವೃತ್ತಾಕಾರದ ತೆರವು ಇದೆ. ಅಂತಹ ವೃತ್ತವನ್ನು 20 ಚೌಕಗಳ ವ್ಯಾಸದಲ್ಲಿ ಮೂಡಿಸಬೇಕಾದರೆ, ಮೇಲಿನ ಹತ್ತು ಸಾಲುಗಳಲ್ಲಿ ಕ್ರಮವಾಗಿ 6, 10, 14, 16, 16, 18, 18, 20, 20, 20 ಚೌಕಗಳನ್ನು ನಡುಗೆರೆಯ ಎರಡೂ ಬದಿಗೆ ಸಮನಾಗಿ ತುಂಬಬೇಕು. ಕೆಳಗಿನ ಹತ್ತು ಸಾಲುಗಳು ಇದರ ಪ್ರತಿಬಿಂಬ. ಒಟ್ಟು 316 ಹೊಲಿಗೆಗಳಾಗುತ್ತವೆ. ವ್ಯಾಸ ಚಿಕ್ಕದಾದಷ್ಟೂ ವೃತ್ತವು ಚೌಕದಂತೆ ತೋರುತ್ತದೆ. ಆದ್ದರಿಂದ ದುಂಡು ವಿನ್ಯಾಸಗಳನ್ನು ತೀರ ಕಿರಿದಾಗಿಸಬಾರದು.

ಹಳೆಯ ಸೀರೆಯಿಂದ ವಿನ್ಯಾಸ ಇಳಿಸುವ ಕ್ರಮ

1. ಸೀರೆಯನ್ನು ಎಳೆಯದೆ ಸಮತಟ್ಟಾಗಿ ಹಾಸಿ ಎರಡೂ ಬದಿಯ ಛಾಯಾಚಿತ್ರ ತೆಗೆಯಬೇಕು.
2. ಒಂದು ಹೊಲಿಗೆ ಎಷ್ಟು ಎಳೆಗಳನ್ನು ದಾಟಿದೆ ಎಂದು ಎಣಿಸಿ, ಅದನ್ನು ಕಾಗದದ ಒಂದು ಚೌಕವೆಂದು ಪರಿಗಣಿಸಬೇಕು.
3. ವಿನ್ಯಾಸದ ನಡುಗೆರೆಯನ್ನು ಗುರುತಿಸಿ ಅರ್ಧಭಾಗವನ್ನು ಮಾತ್ರ ಎಣಿಸಬೇಕು. ಉಳಿದ ಅರ್ಧದೊಂದಿಗೆ ಹೋಲಿಸಿದರೆ ತಪ್ಪು ತಿಳಿಯುತ್ತದೆ.
4. ದಾರ ಸವೆದು ಹೋದ ಕಡೆ ಸೂಜಿಯ ರಂಧ್ರಗಳನ್ನು ಹುಡುಕಬೇಕು. ಬೆಳಕಿಗೆ ಹಿಡಿದಾಗ ಅವು ಕಾಣಬಹುದು.
5. ವಿನ್ಯಾಸದ ಹೆಸರು, ಊರು, ಬಣ್ಣ ಮತ್ತು ಹೊಲಿದವರ ಹೆಸರನ್ನು ಹಾಳೆಯ ಮೇಲೆ ಬರೆದಿಡಬೇಕು.

ಕೊನೆಯ ಅಂಶವನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ವಿನ್ಯಾಸ ಉಳಿದು ಅದನ್ನು ಹಾಕಿದ ಕೈಯ ಹೆಸರು ಅಳಿದಿರುವುದು ಈ ಕಲೆಯಲ್ಲಿ ಸಾಮಾನ್ಯ ಸಂಗತಿಯಾಗಿದೆ.

ಅಳತೆ ಮತ್ತು ದಾರದ ಲೆಕ್ಕ

ಹೊಲಿಗೆಗಳ ಸಂಖ್ಯೆಯನ್ನು ಬಟ್ಟೆಯ ಸಂಖ್ಯೆಯಿಂದ ಭಾಗಿಸಿದರೆ ಇಂಚಿನ ಅಳತೆ ಸಿಗುತ್ತದೆ. 42 ಚೌಕ ಅಗಲ, 56 ಚೌಕ ಎತ್ತರದ ತುಳಸಿ ವೃಂದಾವನವು 14ರ ಬಟ್ಟೆಯಲ್ಲಿ 3 × 4 ಇಂಚು ಆಗುತ್ತದೆ. ಅದೇ ವಿನ್ಯಾಸ 11ರ ಬಟ್ಟೆಯಲ್ಲಿ ಸುಮಾರು 3.8 × 5.1 ಇಂಚು ಆಗುತ್ತದೆ. ಚೌಕಟ್ಟು ಹಾಕಿಸುವುದಾದರೆ ಪ್ರತಿ ಬದಿಗೆ 3 ಇಂಚು ಬಟ್ಟೆ ಬಿಡಬೇಕು. ಹೀಗಾಗಿ ಮೊದಲನೆಯದಕ್ಕೆ 9 × 10 ಇಂಚಿನ ಬಟ್ಟೆ ಬೇಕು.

14ರ ಬಟ್ಟೆಯಲ್ಲಿ ಒಂದು ಪೂರ್ಣ ಮೆಂತಿಗೆ ಸುಮಾರು 9 ಮಿಲಿಮೀಟರ್ ದಾರ ಸಾಲುತ್ತದೆ. 8 ಮೀಟರಿನ ಲಡಿಯನ್ನು 2 ಎಳೆಗಳಂತೆ ಬಿಡಿಸಿದರೆ 24 ಮೀಟರ್ ಆಗಿ, ಲೆಕ್ಕದಂತೆ 2,600ಕ್ಕೂ ಹೆಚ್ಚು ಹೊಲಿಗೆ ಬರಬೇಕು. ಆದರೆ ಆರಂಭ–ಅಂತ್ಯದ ತುಂಡುಗಳು ಮತ್ತು ಬಿಚ್ಚಿ ಹೊಲಿಯುವುದನ್ನು ಸೇರಿಸಿ 1,800 ಎಂದು ಭಾವಿಸುವುದು ಸುರಕ್ಷಿತ. ಒಂದೇ ಬಣ್ಣದ ದಾರ ಬೇರೆ ಬೇರೆ ತಯಾರಿಯಲ್ಲಿ ತುಸು ವ್ಯತ್ಯಾಸವಾಗಬಹುದಾದ್ದರಿಂದ, ನೆಲವನ್ನು ತುಂಬುವ ಬಣ್ಣವನ್ನು ಒಮ್ಮೆಲೇ ಕೊಳ್ಳುವುದು ಒಳ್ಳೆಯದು.

ಹೊಲಿಯುವ ಕ್ರಮ

ಬಟ್ಟೆಯನ್ನು ನಾಲ್ಕಾಗಿ ಮಡಿಸಿ ನಡುವಿನ ಬಿಂದುವನ್ನು ಕಂಡುಕೊಳ್ಳಬೇಕು. ಪ್ರತಿ 10 ಚೌಕಕ್ಕೆ ಒಂದರಂತೆ ಹೊಲಿಗೆ ದಾರದಿಂದ ಸಡಿಲ ಗುರುತು ಹಾಕಿದರೆ ಎಣಿಕೆ ತಪ್ಪುವುದಿಲ್ಲ. ನಡುವಿನಿಂದ ಹೊರಕ್ಕೆ ಹೊಲಿಯುತ್ತ ಹೋಗುವುದು ಸಾಮಾನ್ಯ ಪದ್ಧತಿ. ದಾರದ ಉದ್ದ ಸುಮಾರು 18 ಇಂಚು ಮೀರಬಾರದು. ಉದ್ದ ದಾರವು ಬಟ್ಟೆಯ ಮೂಲಕ ಮತ್ತೆ ಮತ್ತೆ ಹಾದು ಹೊಳಪು ಕಳೆದುಕೊಳ್ಳುತ್ತದೆ.

ಮೆಂತಿಯಲ್ಲಿ ಮೇಲಿನ ಓರೆ ಗೆರೆಗಳೆಲ್ಲ ಒಂದೇ ದಿಕ್ಕಿನಲ್ಲಿರಬೇಕು. ದಿಕ್ಕು ಬದಲಾದ ಹೊಲಿಗೆಯ ಮೇಲೆ ಬೆಳಕು ಬೇರೆಯಾಗಿ ಬೀಳುವುದರಿಂದ ಒಂದೇ ಬಣ್ಣವಿದ್ದರೂ ಅಲ್ಲಿ ಕಲೆಯಂತೆ ಕಾಣುತ್ತದೆ.

ಗವಂತಿಯಲ್ಲಿ ಕವಲುಗಳು ಬಂದಾಗ ಕಲಿಯುವವರು ಗೊಂದಲಕ್ಕೀಡಾಗುವುದುಂಟು. ಇದಕ್ಕೊಂದು ಸರಳ ನಿಯಮವಿದೆ. ಹೋಗುವಾಗ ಕವಲು ಸಿಕ್ಕಲ್ಲಿ ಅದರ ತುದಿಯವರೆಗೂ ಹೋಗಿ, ಅದೇ ದಾರಿಯಲ್ಲಿ ಹಿಂತಿರುಗಿ, ಬಳಿಕ ಮುಖ್ಯ ಗೆರೆಯಲ್ಲಿ ಮುಂದುವರಿಯಬೇಕು. ಸೂಜಿ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಎಂಬ ಸರದಿಯನ್ನು ಮುರಿಯದಿದ್ದರೆ, ಹೋಗುವಾಗ ಮುಂಬದಿಯಲ್ಲಿ ಬಿದ್ದ ಎಳೆ ಬರುವಾಗ ಹಿಂಬದಿಯಲ್ಲಿ ಬೀಳುತ್ತದೆ. ಹೀಗೆ ಒಂದಕ್ಕೊಂದು ಕೂಡಿಕೊಂಡಿರುವ ಯಾವುದೇ ವಿನ್ಯಾಸವನ್ನು ದಾರ ಕತ್ತರಿಸದೆ ಪೂರ್ಣಗೊಳಿಸಿ ಆರಂಭದ ಬಿಂದುವಿಗೆ ಮರಳಬಹುದು.

ಕಪ್ಪು ಬಟ್ಟೆಯ ಮೇಲೆ ಎಳೆ ಎಣಿಸುವುದು ಕಣ್ಣಿಗೆ ಶ್ರಮದ ಕೆಲಸ. ಮಡಿಲಲ್ಲಿ ಬಿಳಿ ಬಟ್ಟೆ ಹಾಸಿಕೊಂಡರೆ ಎಳೆಗಳ ನಡುವಿನ ರಂಧ್ರಗಳು ಸ್ಪಷ್ಟವಾಗುತ್ತವೆ. ಹಗಲು ಬೆಳಕಿನಲ್ಲಿ ಕುಳಿತು, ನಡುನಡುವೆ ದೂರದ ವಸ್ತುವನ್ನು ನೋಡಿ ಕಣ್ಣಿಗೆ ವಿಶ್ರಾಂತಿ ಕೊಡಬೇಕು. ಹೊಲಿಗೆ ಮುಗಿಸಿ ಏಳುವಾಗ ಬಟ್ಟೆಯನ್ನು ಬಳೆಚೌಕಟ್ಟಿನಿಂದ ಬಿಡಿಸಿಡಬೇಕು. ಇಲ್ಲವಾದರೆ ಅದರ ಗುರುತು ಉಳಿಯುತ್ತದೆ.

ಪೂರ್ಣಗೊಳಿಸುವಿಕೆ

ತಿಂಗಳುಗಟ್ಟಲೆ ಹಾಕಿದ ಕಸೂತಿ ಕೆಡುವುದು ಹಲವು ಬಾರಿ ಕೊನೆಯ ದಿನ, ಒಗೆಯುವಾಗ. ಆದ್ದರಿಂದ ಈ ಹಂತದಲ್ಲಿ ಅವಸರ ಸಲ್ಲದು.

• ಬಣ್ಣದ ಪರೀಕ್ಷೆ: ಹೊಲಿಯುವ ಮೊದಲೇ ಪ್ರತಿ ಬಣ್ಣದ ದಾರದ ತುಂಡನ್ನು ಒದ್ದೆ ಬಿಳಿ ಬಟ್ಟೆಯಲ್ಲಿ ಒತ್ತಿ ನೋಡಬೇಕು. ಕೆಂಪು ಮತ್ತು ಕಡುನೀಲಿ ದಾರಗಳ ಬಗ್ಗೆ ವಿಶೇಷ ಎಚ್ಚರ ಅಗತ್ಯ.
• ಒಗೆಯುವುದು: ಹತ್ತಿ ಬಟ್ಟೆಯನ್ನು ತಣ್ಣೀರಿನಲ್ಲಿ ಮೃದು ಸಾಬೂನು ಹಾಕಿ ಅದ್ದಿ ತೆಗೆಯಬೇಕು. ಹಿಂಡಬಾರದು, ಉಜ್ಜಬಾರದು. ಬಣ್ಣ ಬಿಡತೊಡಗಿದರೆ ಬಟ್ಟೆ ಒಣಗಲು ಬಿಡದೆ, ನೀರು ತಿಳಿಯಾಗುವವರೆಗೆ ತಣ್ಣೀರಿನಲ್ಲಿ ಜಾಲಿಸಬೇಕು. ಒಣಗಿದ ಮೇಲೆ ಕಲೆ ಹೋಗುವುದು ಕಷ್ಟ. ರೇಷ್ಮೆಯನ್ನು ಡ್ರೈಕ್ಲೀನ್ ಮಾಡಿಸುವುದು ಲೇಸು.
• ಒಣಗಿಸುವುದು: ದಪ್ಪ ಟವೆಲಿನಲ್ಲಿ ಸುತ್ತಿ ನೀರು ಹೀರಿಸಿ, ನೆರಳಿನಲ್ಲಿ ಸಮತಟ್ಟಾಗಿ ಹರಡಬೇಕು.
• ಇಸ್ತ್ರಿ: ಟವೆಲಿನ ಮೇಲೆ ಕಸೂತಿಯನ್ನು ಮಗುಚಿ ಹಾಕಿ ಹಿಂಬದಿಯಿಂದ ಇಸ್ತ್ರಿ ಮಾಡಬೇಕು. ಮುಂಬದಿಯಿಂದ ಮಾಡಿದರೆ ಹೊಲಿಗೆ ಚಪ್ಪಟೆಯಾಗುತ್ತದೆ.
• ಚೌಕಟ್ಟು: ಬಟ್ಟೆಯನ್ನು ಗಟ್ಟಿ ರಟ್ಟಿಗೆ ಅಂಟಿನಿಂದ ಅಂಟಿಸಬಾರದು, ಅಂಟು ಕಾಲಕ್ರಮೇಣ ಹಳದಿ ಕಲೆಯಾಗುತ್ತದೆ. ಅಂಚುಗಳನ್ನು ಹಿಂದಕ್ಕೆ ಮಡಚಿ, ಎದುರುಬದುರು ಅಂಚುಗಳನ್ನು ಗಟ್ಟಿ ದಾರದಿಂದ ಎಳೆದು ಕಟ್ಟಬೇಕು. ಗಾಜು ಹೊಲಿಗೆಗೆ ತಾಗದಂತೆ ನಡುವೆ ಅಂತರ ಬಿಡಬೇಕು.
• ಬಳಕೆಯ ವಸ್ತುಗಳು: ತೋರಣ ಮತ್ತು ದಿಂಬಿನ ಹೊದಿಕೆಗಳಿಗೆ ಒಳಗಿನಿಂದ ತೆಳು ಹತ್ತಿಯ ಅಸ್ತರಿ ಕೊಟ್ಟರೆ ಹಿಂಬದಿಯ ಎಳೆಗಳು ಬೆರಳಿಗೂ ಬಳೆಗೂ ಸಿಲುಕುವುದಿಲ್ಲ. ಗವಂತಿಯ ಸೆರಗಿಗೆ ಅಸ್ತರಿ ಬೇಕಿಲ್ಲ. ಎರಡೂ ಬದಿ ಒಂದೇ ಆಗಿರುವುದೇ ಅದರ ಸೊಗಸು.

ಸಂರಕ್ಷಣೆ

ಕಸೂತಿಯ ಬಟ್ಟೆಯನ್ನು ನೇರ ಬಿಸಿಲಿಗೆ ಒಡ್ಡಬಾರದು. ಪ್ಲಾಸ್ಟಿಕ್ ಚೀಲದ ಬದಲು ಒಗೆದ ಹತ್ತಿ ಬಟ್ಟೆಯಲ್ಲಿ ಸುತ್ತಿಡಬೇಕು. ಒಂದೇ ಗೆರೆಯಲ್ಲಿ ವರ್ಷಗಟ್ಟಲೆ ಮಡಿಸಿಟ್ಟರೆ ಎಳೆಗಳು ಅಲ್ಲಿಯೇ ತುಂಡಾಗುವುದರಿಂದ ಆಗಾಗ ಮಡಿಕೆ ಬದಲಿಸಬೇಕು.

ಇಂದು ಯಂತ್ರದ ಕಸೂತಿ ಅಗ್ಗವಾಗಿ ದೊರೆಯುತ್ತದೆ. ಗವಂತಿಯ ಕೈಕೆಲಸವನ್ನು ಯಂತ್ರದ ಕೆಲಸದಿಂದ ಬೇರ್ಪಡಿಸಲು ಬಟ್ಟೆಯನ್ನು ತಿರುವಿ ನೋಡಿದರೆ ಬಹುಮಟ್ಟಿಗೆ ಸಾಕು. ಯಂತ್ರದ ಹೊಲಿಗೆಯ ಹಿಂಬದಿಯಲ್ಲಿ ಬೇರೊಂದು ದಾರ ಕಾಣುತ್ತದೆ. ಗವಂತಿಯಲ್ಲಿ ಮುಂಬದಿಯ ಗೋಪುರವೇ ಹಿಂಬದಿಯಲ್ಲೂ ನಿಂತಿರುತ್ತದೆ. ಮನೆಯ ಪೆಟ್ಟಿಗೆಯಲ್ಲಿರುವ ಹಳೆಯ ಸೆರಗು ಕೌದಿಯಾಗುವ ಮೊದಲು ಒಂದು ಹಾಳೆಯ ಮೇಲೆ ಅದರ ಎಣಿಕೆ ಇಳಿದರೆ, ಆ ವಿನ್ಯಾಸವನ್ನು ಮತ್ತೊಬ್ಬರು ಹೊಲಿಯಬಹುದು.