ಗಿಟಾರಿಗೂ ನೆಗಡಿ ಬರುತ್ತೆ ಸ್ವಾಮಿ!

ತೆರೆಯ ಮೇಲೆ ಧೋ ಎಂದು ಮಳೆ. ನಾಯಕ ಬಂಡೆಯ ಮೇಲೆ ಒಂದು ಕಾಲಿಟ್ಟು, ಒದ್ದೆ ಕೂದಲನ್ನು ಹಣೆಗೆ ಅಂಟಿಸಿಕೊಂಡು, ಗಿಟಾರ್ ಮೀಟುತ್ತಾ ಹಾಡುತ್ತಾನೆ. ಗಾಂಧಿ ಕ್ಲಾಸಿನಲ್ಲಿ ಶಿಳ್ಳೆಯೋ ಶಿಳ್ಳೆ! ಆದರೆ ಹಾಡು ಮುಗಿದ ಮೇಲೆ ಆ ಗಿಟಾರಿನ ಗತಿ ಏನಾಯಿತು ಅಂತ ಯಾವ ನಿರ್ದೇಶಕನೂ ತೋರಿಸುವುದಿಲ್ಲ. ತೋರಿಸಿದ್ದರೆ ನನಗೆ ನಾಲ್ಕು ಸಾವಿರ ರೂಪಾಯಿ ಉಳಿಯುತ್ತಿತ್ತು.

ಲೇಖನಗಳ ಸಂಭಾವನೆ ಕೂಡಿಹಾಕಿ ಕೊಂಡ ಸೆಕೆಂಡ್ ಹ್ಯಾಂಡ್ ಗಿಟಾರ್ ಅದು. ಮಂಗಳೂರಿನ ಬಾಡಿಗೆ ಕೋಣೆಯಲ್ಲಿ ಶಂಕರ್ ನಾಗ್ ಪೋಸ್ಟರಿನ ಪಕ್ಕ ಮೊಳೆ ಹೊಡೆದು ನೇತುಹಾಕಿದ್ದೆ. ಜೂನ್ ಬಂತು, ಜುಲೈ ಬಂತು. ಗೋಡೆ ಬೆವರಿತು. ನಾನೋ ಊರೂರು ಸುತ್ತುತ್ತಾ ಅದನ್ನು ಮರೆತೇ ಬಿಟ್ಟಿದ್ದೆ. ಅಷ್ಟರಲ್ಲಿ ಚೌತಿಯ ಆರ್ಕೆಸ್ಟ್ರಾದಲ್ಲಿ ನುಡಿಸಲು ಕರೆ ಬಂತು. ಜೀವನದಲ್ಲಿ ಮೊದಲ ಸಲ ಸ್ಟೇಜ್! ಓಡಿಬಂದು ಕೈಗೆತ್ತಿಕೊಂಡರೆ ಒಳಗೆಲ್ಲ ಬೂಷ್ಟು, ಹೊಟ್ಟೆ ಉಬ್ಬಿದೆ, ತಂತಿ ಒತ್ತಲು ಬೆರಳೇ ಸೋಲುತ್ತಿದೆ. ಆ ರಾತ್ರಿ ‘ಟಪ್’ ಅಂತ ಸದ್ದು. ತಂತಿಗಳನ್ನು ಹಿಡಿದಿಡುವ ಬ್ರಿಡ್ಜು ಕಿತ್ತು ಬಂದಿತ್ತು.

ರಿಪೇರಿಯವರ ಹತ್ತಿರ ಒಯ್ದೆ. ತಿರುಗಿಸಿ ನೋಡಿ ಕೇಳಿದರು:

“ಎಲ್ಲಾದರೂ ಬೀಳಿಸಿದ್ರಾ?”

“ಇಲ್ಲಣ್ಣ, ಎರಡು ತಿಂಗಳಿಂದ ಮುಟ್ಟಿಯೇ ಇಲ್ಲ.”

“ಅದಕ್ಕೇ ಮಾರಾಯ್ರೆ ಹೀಗಾದದ್ದು!”

ಚೌತಿಗೆ ನನ್ನ ಜಾಗದಲ್ಲಿ ಬೇರೊಬ್ಬ ಹುಡುಗ ಸ್ಟೇಜ್ ಹತ್ತಿದ. ನಾನು ಕೆಳಗೆ ನಿಂತು ಚಪ್ಪಾಳೆ ತಟ್ಟಿದೆ.

ಹುಚ್ಚು ಹಿಡಿಸಿದವರು ಯಾರು?

ನಮಗೆ ಈ ಹುಚ್ಚು ಹಿಡಿಸಿದ್ದೇ ಸಿನಿಮಾ. ‘ಯಾದೋಂ ಕೀ ಬಾರಾತ್’ (1973) ಚಿತ್ರದಲ್ಲಿ ಜೀನತ್ ಅಮಾನ್ ಬಿಳಿ ಗಿಟಾರ್ ಹಿಡಿದು ಬಂದಾಗ ಮನಸ್ಸು ಕಳಕೊಂಡವರೆಷ್ಟೋ! ಆ ಹಾಡಿನಲ್ಲಿ ಗಿಟಾರ್ ನುಡಿಸಿದ ಕೈ ಮಾತ್ರ ಗಾಯಕ ಭೂಪಿಂದರ್ ಸಿಂಗ್ ಅವರದು. ಇನ್ನು ಶಂಕರ್ ನಾಗ್ ಅವರ ‘ಗೀತಾ’ (1981) ಚಿತ್ರಕ್ಕೆ ಸಂಗೀತ ಕೊಟ್ಟ ಇಳಯರಾಜ? ಅವರೂ ಮೂಲತಃ ಗಿಟಾರ್ ವಾದಕರೇ. ಸಂಗೀತ ನಿರ್ದೇಶಕರಾಗುವ ಮುಂಚೆ ನಮ್ಮ ಜಿ.ಕೆ. ವೆಂಕಟೇಶ್ ಅವರ ಬಳಿ ಸಹಾಯಕರಾಗಿ ದುಡಿದವರು. ಇವರೆಲ್ಲ ನಮ್ಮ ಕೈಗೆ ಗಿಟಾರ್ ಕೊಡಿಸಿದರು. ಅದನ್ನು ಕಾಪಾಡುವ ಪಾಠವನ್ನು ಮಾತ್ರ ನಾವೇ ಕಲಿಯಬೇಕು.

ಮರ ಸತ್ತರೂ ಉಸಿರಾಡುತ್ತೆ

ಮಳೆಗಾಲದಲ್ಲಿ ಮನೆಯ ಬಾಗಿಲು ಬಿಗಿಯಾಗಿ, ಒದ್ದರೂ ಮುಚ್ಚದೆ ನಿಲ್ಲುವುದನ್ನು ನೋಡಿದ್ದೀರಲ್ಲ? ಮರ ಗಾಳಿಯ ತೇವ ಕುಡಿದು ಅಡ್ಡಡ್ಡ ಹಿಗ್ಗುತ್ತದೆ. ಒಣ ಹವೆಯಲ್ಲಿ ಕುಗ್ಗುತ್ತದೆ. ಉದ್ದದಲ್ಲಿ ಬದಲಾವಣೆ ತೀರಾ ಕಡಿಮೆ. ಗಿಟಾರಿನ ಮುಖದ ಹಲಗೆ ದಪ್ಪ ಸುಮಾರು 3 ಮಿಲಿಮೀಟರ್ ಅಷ್ಟೆ. ಆರು ಉಕ್ಕಿನ ತಂತಿಗಳು ಸೇರಿ ಅದನ್ನು ಎಳೆಯುವ ಬಲ ಹತ್ತಿರ ಹತ್ತಿರ 70 ಕಿಲೋ. ಅಂದರೆ ಒಬ್ಬ ಗಟ್ಟಿ ಆಳು ಹಗಲೂ ರಾತ್ರಿ ಜೋತುಬಿದ್ದ ಹಾಗೆ! ಇದರ ಮೇಲೆ ತೇವವೂ ಸೇರಿದರೆ ಹಲಗೆ ಉಬ್ಬದೆ ಇನ್ನೇನಾಗುತ್ತದೆ?

ಬೇಸಿಗೆಯ ಕಥೆ ಉಲ್ಟಾ. ನನ್ನ ಆರ್ಕೆಸ್ಟ್ರಾ ಗೆಳೆಯನೊಬ್ಬ ಏಪ್ರಿಲಿನಲ್ಲಿ ಕರಾವಳಿಯಿಂದ ಕಲಬುರಗಿಗೆ ಪ್ರೋಗ್ರಾಮಿಗೆ ಹೋದ. ವಾರದೊಳಗೆ ಹಲಗೆಯಲ್ಲಿ ಕೂದಲೆಳೆಯ ಬಿರುಕು. ಕತ್ತಿನ ಅಂಚಿನಲ್ಲಿ ಫ್ರೆಟ್ಟಿನ ತುದಿಗಳು ಚುಚ್ಚುತ್ತಿದ್ದವು. ಲೋಹ ಬೆಳೆಯಲಿಲ್ಲ, ಮರ ಕುಗ್ಗಿತ್ತು! ಮಂಗಳೂರಿನ ಮಳೆಗಾಲದಲ್ಲಿ ಗಾಳಿಯ ತೇವ ಶೇಕಡಾ 90ರ ಆಸುಪಾಸು. ಕಲಬುರಗಿಯ ಏಪ್ರಿಲ್ ಮಧ್ಯಾಹ್ನ ಅದೇ 30ಕ್ಕಿಂತ ಕೆಳಗಿಳಿಯುತ್ತದೆ. ಗಿಟಾರಿಗೆ ಬೇಕಾದದ್ದು 45ರಿಂದ 55. ಈಗ ಹೇಳಿ, ಪಾಪ ಅದೇನು ಮಾಡೀತು?

ಮದ್ದು ಏನು?

ಮೊದಲು ತೇವ ಅಳೆಯುವ ಪುಟ್ಟ ಮೀಟರ್ ಒಂದನ್ನು ಕೊಳ್ಳಿ. ಹೈಗ್ರೋಮೀಟರ್ ಅಂತ ಕೇಳಿದರೆ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದು ಸುಳ್ಳು ಹೇಳುತ್ತಿದೆಯೇ ಅಂತ ಪರೀಕ್ಷಿಸಬೇಕೆ? ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ನಾಲ್ಕು ಹನಿ ನೀರು ಬಿಟ್ಟು ಒದ್ದೆ ಮಾಡಿ. ಮೀಟರಿನ ಜೊತೆ ಗಾಳಿಯಾಡದ ಚೀಲದಲ್ಲಿ ಒಂದು ರಾತ್ರಿ ಇಡಿ. ಬೆಳಿಗ್ಗೆ 75 ತೋರಿಸಿದರೆ ಸರಿ. ಇಲ್ಲವಾದರೆ ವ್ಯತ್ಯಾಸ ನೆನಪಿಟ್ಟುಕೊಂಡು ಲೆಕ್ಕ ಹಾಕಿ.

ಮಳೆಗಾಲದಲ್ಲಿ ಗಿಟಾರ್ ಗೋಡೆಯ ಮೇಲಲ್ಲ, ಕೇಸಿನಲ್ಲಿರಲಿ. ಗಟ್ಟಿ ಕೇಸಾದರೆ ಉತ್ತಮ. ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ ಇಡಿ. ಕಿತ್ತಳೆ ಬಣ್ಣದ್ದು ಹಸಿರಿಗೆ ತಿರುಗಿತೆಂದರೆ ಅದರ ಹೊಟ್ಟೆ ತುಂಬಿತು ಅಂತ ಅರ್ಥ. ಪೊಟ್ಟಣದ ಮೇಲೆ ಬರೆದಂತೆ ಬಿಸಿಮಾಡಿ ಒಣಗಿಸಿದರೆ ಮತ್ತೆ ಕೆಲಸಕ್ಕೆ ಸಿದ್ಧ. ಅಮ್ಮನ ಅಡುಗೆ ಪಾತ್ರೆ ಮಾತ್ರ ಬಳಸಬೇಡಿ, ಪೆಟ್ಟು ಬಿದ್ದೀತು! ನುಡಿಸಿದ ಮೇಲೆ ಒಣ ಬಟ್ಟೆಯಿಂದ ತಂತಿ ಒರೆಸಿ. ಬೆವರು ಮತ್ತು ತೇವ ಸೇರಿದರೆ ತುಕ್ಕು ಗ್ಯಾರಂಟಿ.

ಒದ್ದೆಯಾಯಿತು ಅಂತ ಬಿಸಿಲಿಗಿಡುವುದು, ಬೀರುವಿನಲ್ಲಿ ಬಲ್ಬು ಉರಿಸಿ ಒಳಗಿಡುವುದು ಎರಡೂ ತಪ್ಪು. ಬಿಸಿಗೆ ಅಂಟು ಸಡಿಲಾಗುತ್ತದೆ. ಬಿಸಿಲಲ್ಲಿ ನಿಂತ ಕಾರಿನೊಳಗೂ ಬಿಡಬೇಡಿ.

ಒಣ ಊರಿನ ಬೇಸಿಗೆಗೆ ಹಳೇ ಉಪಾಯ ಒಂದಿದೆ. ಪ್ಲಾಸ್ಟಿಕ್ ಸೋಪಿನ ಡಬ್ಬಿಗೆ ತೂತು ಕೊರೆದು, ಚೆನ್ನಾಗಿ ಹಿಂಡಿದ ಒದ್ದೆ ಸ್ಪಂಜು ಒಳಗಿಟ್ಟು, ಕೇಸಿನಲ್ಲಿ ಗಿಟಾರಿನ ತಲೆಯ ಕೆಳಗೆ ಇಡಿ. ನೀರು ಮರಕ್ಕೆ ತಾಗಬಾರದು, ಎರಡು ಮೂರು ದಿನಕ್ಕೊಮ್ಮೆ ನೋಡಬೇಕು. ಮುಂಗಾರು ಬಂದ ದಿನವೇ ಡಬ್ಬಿ ಹೊರಗೆ! ಏಪ್ರಿಲಿನ ಔಷಧ ಜುಲೈನಲ್ಲಿ ವಿಷ. ಯಾವುದು ಯಾವಾಗ ಅಂತ ಮೀಟರೇ ಹೇಳುತ್ತದೆ.

ದೂರದೂರಿಗೆ ಹೋಗುವಾಗ ತಂತಿ ಸ್ವಲ್ಪ ಸಡಿಲಿಸಿ. ಊರು ತಲುಪಿದ ತಕ್ಷಣ ಕೇಸು ತೆರೆಯದೆ, ಅರ್ಧ ಗಂಟೆಯಾದರೂ ಅಲ್ಲಿನ ಹವೆಗೆ ಹೊಂದಿಕೊಳ್ಳಲು ಬಿಡಿ. ಕತ್ತು ಬಾಗಿದ್ದರೆ ಅದರೊಳಗಿನ ಉಕ್ಕಿನ ಸರಳನ್ನು ತಿರುಗಿಸಿ ಸರಿಪಡಿಸಬಹುದು, ನಿಜ. ಆದರೆ ಅದನ್ನು ಬಲ್ಲವರಿಗೇ ಬಿಡಿ. ಅವರೂ ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸುವುದಿಲ್ಲ. ಅಂದ ಹಾಗೆ, ನೈಲಾನ್ ತಂತಿಯ ಗಿಟಾರುಗಳಲ್ಲಿ ಈ ಸರಳು ಸಾಮಾನ್ಯವಾಗಿ ಇರುವುದೇ ಇಲ್ಲ.

“ನಂದು ಪ್ಲೈವುಡ್ ಗಿಟಾರ್ ಗುರೂ, ಏನೂ ಆಗಲ್ಲ” ಅನ್ನುವವರಿದ್ದಾರೆ. ಪದರ ಪದರದ ಹಲಗೆ ತೇವವನ್ನು ಹೆಚ್ಚು ತಾಳಿಕೊಳ್ಳುತ್ತದೆ, ಒಪ್ಪಿದೆ. ಆದರೆ ಕತ್ತು ಮರದ್ದೇ, ಬ್ರಿಡ್ಜು ಮರದ್ದೇ, ನಡುವೆ ಇರುವುದು ಅಂಟು. ನನ್ನದೂ ಪ್ಲೈವುಡ್ ಗಿಟಾರೇ ಆಗಿತ್ತು ಸ್ವಾಮಿ!

ಎಲ್ಲಕ್ಕಿಂತ ದೊಡ್ಡ ಮದ್ದು, ದಿನಾ ಒಮ್ಮೆ ಕೈಗೆತ್ತಿಕೊಳ್ಳುವುದು. ನುಡಿಸುವವನಿಗೆ ರೋಗ ಮೊದಲ ದಿನವೇ ಗೊತ್ತಾಗುತ್ತದೆ. ನೇತುಹಾಕಿದವನಿಗೆ ಬ್ರಿಡ್ಜು ಕಿತ್ತ ಮೇಲೆ ಗೊತ್ತಾಗುತ್ತದೆ.

ಈಗ ನನ್ನ ಬಳಿ ಇನ್ನೊಂದು ಸೆಕೆಂಡ್ ಹ್ಯಾಂಡ್ ಗಿಟಾರಿದೆ. ಕೇಸಿನಲ್ಲಿ ಮೀಟರಿದೆ, ಜೆಲ್ ಇದೆ. ಚೌತಿಗೆ ಮತ್ತೆ ಕರೆ ಬಂದರೆ ನಾನಂತೂ ರೆಡಿ. ಮಳೆ ಹಾಡಿನ ನಾಯಕನಂತೆ ನೆನೆಯುವ ಆಸೆ ನಿಮಗಿದ್ದರೆ ಧಾರಾಳವಾಗಿ ನೆನೆಯಿರಿ, ಒಬ್ಬರೇ! ನಿಮಗೆ ನೆಗಡಿಯಾದರೆ ಮೂರು ದಿನ. ಗಿಟಾರಿಗಾದರೆ....?